ಮೈ ಮತ್ತೆ ಹದಕ್ಕೆ ಬರಲು ಯಾವ ಹಳೇ ಸೈಕಲ್? ಮೂರು ಬಗೆ ತುಳಿದು ನೋಡಿದ್ದು

ವರ್ಷಗಟ್ಟಲೆ ಕೂತು ಕೆಲಸ ಮಾಡಿ ದಮ್ಮು ಕಡಿಮೆಯಾದವರು ಅಗ್ಗದ ಹಳೇ ಸೈಕಲ್ ಹುಡುಕಲು ಹೊರಟರೆ ಹೆಚ್ಚಾಗಿ ಸಿಗುವುದು ಮೂರು ಬಗೆ. ಒಂದು, ಗೇರ್ ಇಲ್ಲದ, ನೆಟ್ಟಗೆ ಕೂತು ತುಳಿಯುವ ಭಾರದ ಉಕ್ಕಿನ ಸೈಕಲ್. ಇನ್ನೊಂದು, ಮುಂದೆ ಹಿಂದೆ ಎರಡೂ ಕಡೆ ಶಾಕ್ ಅಬ್ಸಾರ್ಬರ್ ಇರುವ ದಪ್ಪ ಟಯರಿನ ಮೌಂಟನ್ ಬೈಕ್. ಮತ್ತೊಂದು, ಶಾಕ್ ಇಲ್ಲದೆ ಗೇರ್ ಮಾತ್ರ ಇರುವ ಹೈಬ್ರಿಡ್. ಮೂರನ್ನೂ ನಾನು ತುಳಿದಿದ್ದೇನೆ. ಮೂರೂ ಬೇರೆಯವರು ಬಳಸಿ ಬಿಟ್ಟವೇ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಹೈಬ್ರಿಡ್ ಮೊದಲು, ಗೇರ್ ಇಲ್ಲದ್ದು ಎರಡನೆಯದು, ಡಬಲ್ ಶಾಕ್ ಕೊನೆಯದು.

ನಾನು ನೋಡಿದ್ದು ಒಂದೇ ವಿಷಯ. ಇವತ್ತು ತುಳಿದ ಮೇಲೆ ನಾಳೆಯೂ ಹತ್ತಬೇಕು ಅನ್ನಿಸುತ್ತಾ? ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಕಡಿಮೆ ಅಂದರೂ ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ ಆಯಿತು. ತುಳಿಯುತ್ತಾ ಮಾತಾಡಲು ಬರಬೇಕು, ಹಾಡಲು ಆಗಬಾರದು. ಅಷ್ಟು ಶ್ರಮ ಸಾಕು. ಮೊದಲ ದಿನವೇ ಮಂಡಿ ಹಿಡಿದುಕೊಂಡರೆ ಈ ಲೆಕ್ಕ ಯಾವತ್ತೂ ತುಂಬುವುದಿಲ್ಲ.

ಗೇರ್ ಇಲ್ಲದ ಸೈಕಲ್ ಬಗ್ಗೆ ನನಗೆ ತುಂಬಾ ಗೌರವ. ಕೆಡುವುದಕ್ಕೆ ಅದರಲ್ಲಿ ಹೆಚ್ಚೇನೂ ಇಲ್ಲ. ಚೈನಿಗೆ ಎಣ್ಣೆ, ಟಯರಿಗೆ ಗಾಳಿ, ಆಯಿತು. ಬೆನ್ನು ನೆಟ್ಟಗಿರುತ್ತದೆ, ಕೈ ಮೇಲೆ ಭಾರ ಬೀಳುವುದಿಲ್ಲ. ಹೊಟ್ಟೆ ಬಂದವರಿಗೆ ಬಗ್ಗಿ ಕೂರುವ ಕಷ್ಟ ಇಲ್ಲ. ಸಮತಟ್ಟು ರಸ್ತೆಯಲ್ಲಿ ಒಂದೇ ಹದದಲ್ಲಿ ತುಳಿಯುತ್ತಾ ಹೋಗಬಹುದು. ಉಸಿರೂ ಆ ಹದಕ್ಕೇ ಹೊಂದಿಕೊಳ್ಳುತ್ತದೆ.

ಕಷ್ಟ ಶುರುವಾಗುವುದು ಏರಿನಲ್ಲಿ. ಯಾಕೆ ಅಂತ ಚೈನು ಕೂರುವ ಚಕ್ರಗಳ ಹಲ್ಲು ಎಣಿಸಿದರೆ ಗೊತ್ತಾಗುತ್ತದೆ. ಪೆಡಲಿನ ಹತ್ತಿರ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು ಇದೆ ಅಂದುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ 28 ಇಂಚಿನ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗಿ, ಸೈಕಲ್ ಐದೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 20 ಕಿ.ಮೀ. ವೇಗ. ಸಮತಟ್ಟಿನಲ್ಲಿ ಸೊಗಸು. ಅದೇ ಏರಿನಲ್ಲಿ ವೇಗ 8 ಕಿ.ಮೀ.ಗೆ ಇಳಿದರೆ ಪೆಡಲ್ ನಿಮಿಷಕ್ಕೆ 24 ಸುತ್ತು ಮಾತ್ರ ತಿರುಗುತ್ತದೆ. ಒಂದೊಂದು ತುಳಿತಕ್ಕೂ ಇಡೀ ಮೈಭಾರ ಹಾಕಬೇಕು, ಅದರ ಜೊತೆಗೆ ಸೈಕಲ್ಲಿನದ್ದೇ 20 ಕಿಲೋ ಆಸುಪಾಸು ತೂಕ. ಉಸಿರಿಗೆ ಕೆಲಸ ಸಿಗುವ ಮುಂಚೆಯೇ ಮಂಡಿ ಸೋಲುತ್ತದೆ. ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಸರಿ. ಅದೂ ಒಳ್ಳೇ ವ್ಯಾಯಾಮವೇ, ಸಂಕೋಚ ಬೇಡ.

ಇನ್ನೊಂದು ಎಚ್ಚರಿಕೆ: ಈ ಬಗೆಯ ಹಳೇ ಸೈಕಲ್ಲುಗಳ ರಿಮ್ಮು ಹೆಚ್ಚಾಗಿ ಉಕ್ಕಿನದು. ಮಳೆಯಲ್ಲಿ ಉಕ್ಕಿನ ರಿಮ್ಮಿನ ಮೇಲೆ ರಬ್ಬರ್ ಬ್ರೇಕು ಸರಿಯಾಗಿ ಹಿಡಿಯುವುದೇ ಇಲ್ಲ. ಒದ್ದೆ ರಸ್ತೆಯಲ್ಲಿ ನಿಧಾನ ಹೋಗಿ.

ಡಬಲ್ ಶಾಕ್ ಸೈಕಲ್ ನೋಡಲು ಬಲು ಗಟ್ಟಿ. ಗುಂಡಿ ರಸ್ತೆಗೆ ಇದೇ ಸರಿ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ ಅಗ್ಗದ ಸೈಕಲ್ಲಿನ ಹಿಂದಿನ ಶಾಕ್ ಪ್ರತಿ ತುಳಿತಕ್ಕೂ ಕುಸಿದು ಏಳುತ್ತದೆ. ಕಾಲಿನ ಬಲ ಒಂದಿಷ್ಟು ಅಲ್ಲೇ ಹೋಗಿಬಿಡುತ್ತದೆ. ಬಳಸಿದ ಸೈಕಲ್ ಆದರೆ ಶಾಕಿನ ಕೀಲುಗಳು ಸವೆದು ಹಿಂಭಾಗ ಅಲ್ಲಾಡುವುದೂ ಉಂಟು. ಅದರ ಬಿಡಿಭಾಗ ಹುಡುಕುವುದು ತಲೆನೋವು. ಗೇರ್ ಮಾತ್ರ ಚೆನ್ನಾಗಿರುತ್ತದೆ, ಅದು ನಿಜ. ಮುಂದೆ 24, ಹಿಂದೆ 28 ಹಲ್ಲಿಗೆ ಹಾಕಿದರೆ ಎಂಥ ದಿಬ್ಬವನ್ನೂ ಹತ್ತಬಹುದು. ನಿಮ್ಮ ದಾರಿ ಪೂರ್ತಿ ಏರುತಗ್ಗಿನದಾದರೆ ಗೇರ್ ಇಲ್ಲದ್ದಕ್ಕಿಂತ ಇದು ವಾಸಿ. ಮನೆಯಲ್ಲಿ ಈಗಾಗಲೇ ಇದೆಯಾ? ಹಾಗಾದರೆ ಗುಬ್ಬು ಗುಬ್ಬಿನ ಟಯರು ತೆಗೆಸಿ ನುಣುಪು ಟಯರು ಹಾಕಿಸಿ. ಟಯರಿನ ಬದಿಯಲ್ಲಿ ಬರೆದಿರುವ ಮಿತಿಯೊಳಗೇ ಗಾಳಿ ಸ್ವಲ್ಪ ಬಿಗಿಯಾಗಿ ಹೊಡೆಸಿ. ಅಷ್ಟಕ್ಕೇ ಬೇರೆ ಸೈಕಲ್ ಹತ್ತಿದ ಹಾಗಾಗುತ್ತದೆ.

ಹೈಬ್ರಿಡ್ ನನಗೆ ಇಷ್ಟವಾಗಿದ್ದು ಅದೇ ಹಲ್ಲಿನ ಲೆಕ್ಕದಿಂದ. ಮುಂದೆ 28, ಹಿಂದೆ 28 ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ. ಏರಿನಲ್ಲಿ ಗಂಟೆಗೆ 8 ಕಿ.ಮೀ. ಹೋಗುವಾಗಲೂ ಪೆಡಲ್ ನಿಮಿಷಕ್ಕೆ 60 ಸುತ್ತು ತಿರುಗುತ್ತಿರುತ್ತದೆ. ಭಾರ ಮಂಡಿಯಿಂದ ಇಳಿದು ಉಸಿರಿಗೆ ಹೋಗುತ್ತದೆ. ನಮಗೆ ಬೇಕಾಗಿದ್ದೂ ಅದೇ, ಅಲ್ವಾ? ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯುವ ಅಭ್ಯಾಸ ಆದ ಮೇಲೆ ದಿನಾ ಹೋಗುವುದು ಭಾರ ಅನ್ನಿಸಲಿಲ್ಲ. ಮೊದಲು ಸುಧಾರಿಸಿದ್ದು ಉಸಿರು. ಆಮೇಲೆ ತೊಡೆಗೆ ಬಲ ಬಂತು. ತೂಕ ಎಲ್ಲಕ್ಕಿಂತ ನಿಧಾನ. ಅದನ್ನೇ ನೋಡುತ್ತಾ ಕೂತರೆ ಮನಸ್ಸು ಕುಗ್ಗುತ್ತದೆ.

ಇದಕ್ಕೂ ಕೊರತೆ ಇದೆ. ಸ್ವಲ್ಪ ಬಗ್ಗಿ ಕೂರುವುದರಿಂದ ಅಂಗೈ ಜೋಮು ಹಿಡಿಯುತ್ತದೆ. ಹ್ಯಾಂಡಲ್ ಒಂದಿಷ್ಟು ಎತ್ತರಿಸಿದ ಮೇಲೆ ನನಗೆ ಕಡಿಮೆಯಾಯಿತು. ಗೇರಿನ ಕೇಬಲ್ ಆಗಾಗ ಬಿಗಿ ಮಾಡಿಸಬೇಕು. ಇನ್ನೊಂದು ಮಾತು ಮೂರಕ್ಕೂ ಸೇರಿದ್ದು. ಸೈಕಲ್ ಮೇಲೆ ಮೈಭಾರ ಸೀಟು ಹೊರುತ್ತದೆ. ಹಾಗಾಗಿ ಮಂಡಿಗೆ ಆರಾಮ, ಆದರೆ ಮೂಳೆ ಗಟ್ಟಿಯಾಗಲು ನಡಿಗೆಯಷ್ಟು ನೆರವಾಗುವುದಿಲ್ಲ. ವಾರದಲ್ಲಿ ಒಂದೆರಡು ದಿನ ನಡೆಯುವುದೋ, ಮೆಟ್ಟಿಲು ಹತ್ತುವುದೋ ಜೊತೆಗಿರಲಿ.

ಯಾವುದನ್ನೇ ತಗೊಳ್ಳಿ, ಸೀಟಿನ ಎತ್ತರ ಮಾತ್ರ ಸರಿ ಇರಬೇಕು. ಪೆಡಲ್ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ತುಳಿಯುವುದು ಪಾದದ ಮುಂಭಾಗದಿಂದ. ಆಗ ಮಂಡಿ ತುಸು ಮಡಚಿರುತ್ತದೆ. ಮಂಡಿಯ ಮುಂದೆ ನೋವು ಬಂದರೆ ಸಾಮಾನ್ಯವಾಗಿ ಸೀಟು ಕೆಳಗಿದೆ, ಹಿಂದೆ ನೋವು ಬಂದರೆ ಮೇಲಿದೆ.

ಹಾಗಾಗಿ ಕೊಳ್ಳಲು ಹೋದಾಗ ಮೊದಲು ಸೀಟನ್ನು ಎತ್ತಿ ಇಳಿಸಿ ನೋಡಿ. ಪೈಪು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಆ ಸೈಕಲ್ ಬಿಟ್ಟುಬಿಡಿ. ಆಮೇಲೆ ಹ್ಯಾಂಡಲಿನ ಕೆಳಗೆ, ಪೆಡಲಿನ ಹತ್ತಿರ ಫ್ರೇಮ್ ಬಿರುಕು ಬಿಟ್ಟಿದೆಯಾ ನೋಡಿ. ಚಕ್ರ ಎತ್ತಿ ತಿರುಗಿಸಿ, ಎಡಕ್ಕೆ ಬಲಕ್ಕೆ ಓಲಾಡುತ್ತದೆಯಾ ಗಮನಿಸಿ. ಒಂದು ಸ್ಕೇಲ್ ಕೈಯಲ್ಲಿರಲಿ. ಚೈನಿನ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು ಇರುತ್ತದೆ, ಅಂದರೆ 24 ಕೊಂಡಿಗೆ 12 ಇಂಚು, ಸುಮಾರು 305 ಮಿ.ಮೀ. ಅದು 306 ದಾಟಿದ್ದರೆ ಚೈನು ಬದಲಾಯಿಸಬೇಕು. 308 ಮುಟ್ಟಿದ್ದರೆ ಹಿಂದಿನ ಹಲ್ಲುಗಳೂ ಹೋಗಿರುತ್ತವೆ. ಟಯರು, ಬ್ರೇಕ್ ರಬ್ಬರು, ಕೇಬಲ್ಲು ಹೇಗೂ ಹೊಸದು ಹಾಕಿಸಬೇಕಾಗಬಹುದು. ಆ ಖರ್ಚನ್ನೂ ಸೇರಿಸಿಕೊಂಡೇ ಬೆಲೆ ಮಾತಾಡಿ.