ಮೊದಲ ದಿನವೇ ಮಂಗನ ಮರಿಯನ್ನು ಕೈಗೆ ಕೊಟ್ಟರೆ ಅಲ್ಲಿಂದ ಹೊರಟುಬಿಡಿ

ಮಂಗಗಳ ಧಾಮವೊಂದಕ್ಕೆ ಹಣ ಕಟ್ಟಿ ಸ್ವಯಂಸೇವಕಿಯಾಗಿ ಹೋಗಿದ್ದೆ. ನನ್ನ ಎರಡು ತಿಂಗಳ ಸಂಬಳ ಹೋಯಿತು. ಹೋಗಲಿ. ನನ್ನ ಮಾತು ನಂಬಿ ಇಬ್ಬರು ಗೆಳತಿಯರೂ ಹಣ ಕಟ್ಟಿದ್ದಾರೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಸ್ವಯಂಸೇವಕರಿಂದ ಹಣ ಪಡೆಯುವುದನ್ನು ನಾನು ತಪ್ಪೆನ್ನುವುದಿಲ್ಲ. ಪ್ರಾಣಿಗಳ ಆಹಾರ, ಪಶುವೈದ್ಯರ ಖರ್ಚು ಎಲ್ಲಿಂದಲಾದರೂ ಬರಬೇಕಲ್ಲ. ಆದರೆ ಆ ಧಾಮದವರು ಹಣದ ಹೊರತು ನನ್ನಿಂದ ಬೇರೇನನ್ನೂ ಕೇಳಲಿಲ್ಲ. ಕ್ಷಯರೋಗದ ಪರೀಕ್ಷೆಯ ವರದಿ ಕೇಳಲಿಲ್ಲ. ಲಸಿಕೆಗಳ ವಿವರ ಕೇಳಲಿಲ್ಲ. ತುಟಿಯ ಮೇಲೆ ಗುಳ್ಳೆ ಎದ್ದಿದೆಯೇ ಎಂದು ನೋಡಲೂ ಇಲ್ಲ. ನಮಗೆ ನಾಲ್ಕು ದಿನ ಉರಿದು ಹೋಗುವ ಆ ಗುಳ್ಳೆಯ ಹರ್ಪಿಸ್ ವೈರಾಣು ಮಾರ್ಮೊಸೆಟ್‌ನಂತಹ ಪುಟ್ಟ ಮಂಗಗಳ ಪ್ರಾಣವನ್ನೇ ತೆಗೆಯಬಲ್ಲದು. ಅಲ್ಲಿ ಮಾರ್ಮೊಸೆಟ್‌ಗಳೂ ಇದ್ದವು! ಏನನ್ನೂ ಕೇಳದಿದ್ದಾಗ ನಾನು, ಕೆಲಸ ಎಷ್ಟು ಸಲೀಸಾಗಿ ಮುಗಿಯಿತು ಎಂದು ಸಂತೋಷಪಟ್ಟಿದ್ದೆ.

ತಲುಪಿದ ಸಂಜೆಯೇ ಉದ್ದಬಾಲದ ಮಕಾಕ್ ಎಂಬ ಜಾತಿಯ ಮಂಗದ ಮರಿಯೊಂದನ್ನು ನನ್ನ ಹೆಗಲಿಗೆ ಏರಿಸಿದರು. ‘ಇದರ ತಾಯಿ ವಾಹನಕ್ಕೆ ಸಿಕ್ಕಿ ಸತ್ತುಹೋಯಿತು. ಎಂಟು ತಿಂಗಳಿಂದ ನಾವೇ ಇದಕ್ಕೆ ತಾಯಿ’ ಎಂದರು. ಮರಿ ನನ್ನ ಕೊರಳನ್ನು ಬಿಗಿಯಾಗಿ ತಬ್ಬಿಕೊಂಡಿತು. ನಾನು ಅತ್ತುಬಿಟ್ಟೆ. ಅವರು ಚಿತ್ರ ತೆಗೆದರು. ಅದನ್ನು ನಾನೂ ಎಲ್ಲರಿಗೂ ಕಳುಹಿಸಿದೆ. ಗೆಳತಿಯರು ಹಣ ಕಟ್ಟಿದ್ದು ಆ ಚಿತ್ರ ನೋಡಿಯೇ.

ಹಿಂದಿನ ಸಾಲಿನ ಬೋನುಗಳ ಕಡೆ ಸ್ವಯಂಸೇವಕರು ಹೋಗುವಂತಿರಲಿಲ್ಲ. ಅಲ್ಲಿರುವವು ಮೈಮೇಲೆ ಬೀಳುವ ಮಂಗಗಳು ಎಂದಿದ್ದರು. ಒಂಬತ್ತನೆಯ ದಿನ ಆ ಬೋನುಗಳನ್ನು ತೊಳೆಯುವ ಕೆಲಸಗಾರ ಬರಲಿಲ್ಲ. ನನ್ನನ್ನೇ ಕಳುಹಿಸಿದರು.

ಮೂರನೆಯ ಬೋನಿನಲ್ಲಿ ಒಂದು ಹೆಣ್ಣು ಮಕಾಕ್ ಒಂಟಿಯಾಗಿ ಕುಳಿತಿತ್ತು. ಅದರ ಮೊಲೆಗಳಲ್ಲಿ ಹಾಲು ಕಟ್ಟಿಕೊಂಡಿತ್ತು. ಮುಂದಿನ ಕೋಣೆಯಲ್ಲಿ ಬಾಟಲಿ ಹಾಲಿನ ಹೊತ್ತು, ಮರಿ ಕೂಗಿತು. ಇದು ಛಂಗನೆ ಸರಳುಗಳಿಗೆ ಹಾರಿ ಕೂಗಿತು. ಮರಿ ಸುಮ್ಮನಾಯಿತು, ಇದೂ ಸುಮ್ಮನಾಗಿ ಕಿವಿಗೊಟ್ಟು ಕುಳಿತುಕೊಂಡಿತು. ಮರಿ ಮತ್ತೆ ಕೂಗಿತು, ಇದೂ ಮತ್ತೆ ಕೂಗಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು, ಕೈಯಲ್ಲಿದ್ದ ಕೊಳವೆಯಿಂದ ನೀರು ನನ್ನ ಕಾಲ ಮೇಲೆಯೇ ಹರಿಯುತ್ತಿತ್ತು. ಸತ್ತುಹೋದ ತಾಯಿ ನನ್ನ ಎದುರಿಗೇ ಕುಳಿತಿತ್ತು.

ಆ ರಾತ್ರಿ ಓದಿದೆ. ಹೊರಡುವ ಮೊದಲೇ ಓದಬೇಕಾಗಿತ್ತು. ಈ ಜಾತಿಯ ಮರಿಗಳು ಹುಟ್ಟುವಾಗ ಕಪ್ಪಗಿರುತ್ತವೆ, ಕೆಲವೇ ತಿಂಗಳಲ್ಲಿ ಕೂದಲಿನ ಬಣ್ಣ ತಿರುಗುತ್ತದೆ. ನನ್ನ ಹೆಗಲ ಮೇಲಿದ್ದ ಮರಿ ಕಪ್ಪಗಿತ್ತು. ಎಂಟು ತಿಂಗಳ ಮರಿ ಹಾಗಿರುವುದಿಲ್ಲ. ಧಾಮದ ಹಳೆಯ ಚಿತ್ರಗಳನ್ನು ತೆಗೆದು ನೋಡಿದರೆ ಅದೇ ಹೆಸರಿನ ಮರಿ, ಅದೇ ವಾಹನದ ಕಥೆ, ಆದರೆ ಹರಿದ ಕಿವಿಯ ಬೇರೊಂದು ಮರಿ! ಹೆಸರು ಒಂದೇ, ಮರಿ ಮಾತ್ರ ಬದಲಾಗುತ್ತಿತ್ತು. ಅಲ್ಲಿಯೇ ಹುಟ್ಟಿಸಿ, ತಾಯಿಯಿಂದ ಕಿತ್ತು, ನಮ್ಮ ಕೈಗೆ ಕೊಡುತ್ತಿದ್ದರು.

ಬೆಳಗ್ಗೆ ವ್ಯವಸ್ಥಾಪಕರ ಬಳಿ ಹೋದೆ. ಮೊದಲು ‘ಅದು ಬೇರೆ ಮಂಗ’ ಎಂದರು. ಹಾಲು ಕಟ್ಟಿರುವುದನ್ನು ಹೇಳಿದೆ. ‘ತಾಯಿಯೇ ಮರಿಯನ್ನು ಒಲ್ಲೆ ಎಂದಿತು’ ಎಂದರು. ಹಾಗಾದರೆ ವಾಹನದ ಕಥೆ ಏಕೆ ಹೇಳಿದಿರಿ ಎಂದು ಕೇಳಿದೆ. ಆಗ ಅವರು ನಗುತ್ತಾ ಹೇಳಿದ್ದು ಇದು: ‘ಮರಿ ಇಲ್ಲದಿದ್ದರೆ ಯಾರು ಬರುತ್ತಾರೆ? ನೀವು ಬಂದದ್ದೂ ಅದಕ್ಕೇ ಅಲ್ಲವೇ?’

ನನಗೆ ಉತ್ತರ ಕೊಡಲಾಗಲಿಲ್ಲ. ಅದು ನಿಜವಾಗಿತ್ತು. ಇಂದಿಗೂ ಆ ಮಾತು ನೆನಪಾದರೆ ಮುಖ ಬಿಸಿಯಾಗುತ್ತದೆ.

ಇನ್ನೊಂದು ವಿಷಯ. ನನ್ನ ಜೊತೆಗಿದ್ದ ಹುಡುಗಿಯ ಮಣಿಕಟ್ಟನ್ನು ಮಂಗವೊಂದು ಕಚ್ಚಿತು. ‘ಸಣ್ಣ ಹಲ್ಲು, ಏನೂ ಆಗುವುದಿಲ್ಲ’ ಎಂದು ಬಟ್ಟೆ ಸುತ್ತಿ ಕಳುಹಿಸಿದರು. ಏನೂ ಆಗುವುದಿಲ್ಲವೇ? ಮಕಾಕ್‌ಗಳಲ್ಲಿ ಬಿ ವೈರಾಣು ಇರಬಹುದು, ಅವುಗಳನ್ನು ನೋಡಿದರೆ ಅದು ಗೊತ್ತೂ ಆಗುವುದಿಲ್ಲ. ಮನುಷ್ಯರಿಗೆ ತಗುಲುವುದು ತೀರ ಅಪರೂಪ, ನಿಜ. ಆದರೆ ತಗುಲಿ ಚಿಕಿತ್ಸೆ ಸಿಗದಿದ್ದರೆ ಬಹುಪಾಲು ಜನ ಬದುಕುವುದಿಲ್ಲ. ರೇಬೀಸ್ ಭಯ ಬೇರೆ. ಕಚ್ಚಿದ ಕೂಡಲೇ ಸಾಬೂನು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಯಾರೂ ಇದನ್ನು ಹೇಳಲಿಲ್ಲ. ನಾವಿಬ್ಬರೇ ಹೋದೆವು.

17ನೆಯ ದಿನ ಹೊರಟುಬಂದೆ. ಉಳಿದ ದಿನಗಳ ಹಣ ಹಿಂತಿರುಗಿಸಿ ಎಂದು ಬರೆದರೆ, ‘ಪ್ರಾಣಿಗಳಿಗೆ ಕೊಟ್ಟದ್ದನ್ನು ಹಿಂದಕ್ಕೆ ಕೇಳುತ್ತಿದ್ದೀರಾ?’ ಎಂದು ಉತ್ತರ ಬಂತು. ಪ್ರಾಣಿಗಳಿಗೆ ಕೊಟ್ಟದ್ದಂತೆ! ಆ ತಾಯಿಯ ಬೋನಿನಲ್ಲಿ ಹತ್ತಿ ಕೂರಲು ಒಂದು ಕೊಂಬೆಯೂ ಇರಲಿಲ್ಲ.

ಹೋಗುವವರು ಇಷ್ಟು ಕೇಳಿ: ಮರಿಗಳು ಎಲ್ಲಿಂದ ಬಂದವು? ಮಂಗಗಳಿಗೆ ಸಂತಾನ ನಿಯಂತ್ರಣ ಮಾಡಿದ್ದೀರಾ? ಅನಾಥ ಮರಿಯನ್ನು ಇನ್ನೊಂದು ಹೆಣ್ಣುಮಂಗದ ಮಡಿಲಿಗೆ ಸೇರಿಸಲು ಪ್ರಯತ್ನಿಸುತ್ತೀರಾ? ಉತ್ತರ ತಡವರಿಸಿದರೆ ಹಣ ಕಟ್ಟಬೇಡಿ. ಒಳ್ಳೆಯ ಜಾಗದಲ್ಲಿ ನಿಮಗೆ ಸಿಗುವ ಕೆಲಸ ತರಕಾರಿ ಹೆಚ್ಚುವುದು, ಬೋನು ತೊಳೆಯುವುದು, ಮಂಗಗಳು ಜೋತಾಡಲು ಹಗ್ಗ ಕಟ್ಟುವುದು. ಮಂಗಗಳನ್ನು ದೂರದಿಂದ ನೋಡುತ್ತೀರಿ, ಅಷ್ಟೇ. ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ವಾನರ ತಜ್ಞರ ಗುಂಪು 2021ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಮಂಗದ ಜೊತೆ ಮನುಷ್ಯರು ಚಿತ್ರದಲ್ಲಿ ಇರಲೇಬೇಕಾದರೆ ನಡುವೆ ಕನಿಷ್ಠ 7 ಮೀಟರ್ ಅಂತರವಿರಬೇಕು, ಮುಖಕ್ಕೆ ಮಾಸ್ಕ್ ಇರಬೇಕು.

ನನ್ನ ಚಿತ್ರದಲ್ಲಿ ಮರಿಯ ಕೆನ್ನೆ ನನ್ನ ಕೆನ್ನೆಗೆ ತಾಗಿದೆ. ಅದನ್ನು ತೆಗೆಯಿರಿ ಎಂದು ಅವರಿಗೆ ನಾಲ್ಕು ಬಾರಿ ಬರೆದೆ. ತೆಗೆದಿಲ್ಲ. ಈಗಲೂ ಅವರ ಜಾಹೀರಾತಿನ ಮೊದಲ ಚಿತ್ರ ಅದೇ. ಹಸಿರು ಅಂಗಿ ತೊಟ್ಟು, ಅಳುತ್ತಾ, ಕಪ್ಪು ಮರಿಯನ್ನು ಅಪ್ಪಿಕೊಂಡಿರುವ ಹೆಂಗಸು ಕಂಡರೆ ಅದು ನಾನು. ಅಲ್ಲಿಗೆ ಹೋಗಬೇಡಿ.