ಕಲಬುರಗಿಯಲ್ಲಿ ಕೊಂಡ ಹಳೆಯ ಪಿಸಿ ಮತ್ತು ಎವಿಎಕ್ಸ್ ತಕರಾರು

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಅಂಗಡಿಯೊಂದರಲ್ಲಿ ನಾನು ಕೊಂಡ ಸೆಕೆಂಡ್ ಹ್ಯಾಂಡ್ ಪಿಸಿ ಅಚ್ಚುಕಟ್ಟಾಗಿದೆ, ಫ್ಯಾನಿನ ಸದ್ದೂ ಕಡಿಮೆ. ಆದರೆ "ಎಲ್ಲಾ ಗೇಮ್ ಓಡ್ತಾವ್ರಿ" ಎಂದು ಅಂಗಡಿಯವರು ಕೊಟ್ಟ ಭರವಸೆ ಮೊದಲ ದಿನವೇ ಸುಳ್ಳಾಯಿತು. ನನಗೆ ಬೇಕಿದ್ದ ಆಟವು ಕ್ಷಣಕಾಲ ಕಪ್ಪು ಪರದೆ ತೋರಿಸಿ, ಯಾವ ಸಂದೇಶವನ್ನೂ ನೀಡದೆ ಮುಚ್ಚಿಕೊಳ್ಳುತ್ತಿತ್ತು. ಅವರು ಡ್ರೈವರ್ ಬದಲಿಸಿದರು, ವಿಂಡೋಸ್ ಮರುಸ್ಥಾಪಿಸಿದರು, ಕೊನೆಗೆ ರ‍್ಯಾಮ್ ಹೆಚ್ಚಿಸಿಕೊಳ್ಳುವಂತೆ ಸಲಹೆಯನ್ನೂ ಕೊಟ್ಟರು.

ಕಾರಣ ಬೇರೆಯೇ ಇತ್ತು. ಒಳಗಿದ್ದ ಪೆಂಟಿಯಂ ಜಿ4560 ಪ್ರೊಸೆಸರ್ 2017ರದು, ವೇಗ 3.5 ಗಿಗಾಹರ್ಟ್ಸ್, ಆದರೂ 2011ರ ಕೋರ್ ಐ3-2100 ಪ್ರೊಸೆಸರ್ ಅರ್ಥಮಾಡಿಕೊಳ್ಳುವ ಎವಿಎಕ್ಸ್ ಸೂಚನೆಗಳು (ಒಂದೇ ಬಾರಿಗೆ ಹಲವು ಸಂಖ್ಯೆಗಳ ಲೆಕ್ಕ ಮಾಡಿಸುವ ಆದೇಶಗಳು) ಇದಕ್ಕೆ ತಿಳಿಯುವುದಿಲ್ಲ, ಏಕೆಂದರೆ ಇಂಟೆಲ್ ಆ ಸೌಲಭ್ಯವನ್ನು ಆಗಿನ ಪೆಂಟಿಯಂಗಳಿಗೆ ಕೊಟ್ಟಿರಲಿಲ್ಲ. ಆಟದ ಕೋಡ್‌ನಲ್ಲಿ ಅಂತಹ ಸೂಚನೆ ಎದುರಾದಾಗ ಪ್ರೊಸೆಸರ್ ನಿಧಾನವಾಗುವುದಿಲ್ಲ, ಅದನ್ನು ನಿರಾಕರಿಸುತ್ತದೆ. ಕಾರ್ಯಾಚರಣ ವ್ಯವಸ್ಥೆಯು ಆಟವನ್ನೇ ನಿಲ್ಲಿಸುತ್ತದೆ. ಎಂತಹ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಇದು ಸರಿಹೋಗದು. 2016ರಲ್ಲಿ ನೋ ಮ್ಯಾನ್ಸ್ ಸ್ಕೈ ಆಟವು ಎಸ್‌ಎಸ್‌ಇ 4.1 ಎಂಬ ಇಂತಹದೇ ಸೂಚನೆಗಳ ಗುಂಪು ಇಲ್ಲದ ಎಎಂಡಿ ಫೆನಮ್ ಪ್ರೊಸೆಸರ್‌ಗಳಲ್ಲಿ ತೆರೆಯದಿದ್ದಾಗ, ಆಟದ ತಯಾರಕರೇ ಪ್ಯಾಚ್ ಕೊಡಬೇಕಾಯಿತು.

ಪ್ರೊಸೆಸರ್‌ನ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದಲ್ಲಿ, ಅದಕ್ಕೆ ತಿಳಿದ ಸೂಚನೆಗಳ ಸಾಲನ್ನು ತೋರಿಸಿದ ಮೇಲೆ ಅಂಗಡಿಯವರು ವಾದಿಸಲಿಲ್ಲ. ಅದೇ ಮದರ್‌ಬೋರ್ಡ್‌ಗೆ ಹೊಂದುವ, ಎವಿಎಕ್ಸ್ ಮತ್ತು ಅದರ ಮುಂದಿನ ಆವೃತ್ತಿ ಎವಿಎಕ್ಸ್ 2 ಇರುವ ಕೋರ್ ಐ3-7100 ಪ್ರೊಸೆಸರನ್ನು ವ್ಯತ್ಯಾಸದ ಹಣ ಪಡೆದು ಹಾಕಿಕೊಟ್ಟರು. ಆಟ ಈಗ ತೆರೆಯುತ್ತದೆ. ಸೌಜನ್ಯಕ್ಕೆ ಪೂರ್ಣ ಅಂಕ, ತಿಳುವಳಿಕೆಗೆ ಅರ್ಧ. ವ್ಯತ್ಯಾಸದ ಹಣ ಕೇಳಿದ್ದು ಮಾತ್ರ ನನಗೆ ಇನ್ನೂ ಒಪ್ಪಿಗೆಯಾಗಿಲ್ಲ.