‘ಕ್ಯಾಲಿಫೋರ್ನಿಯಾ ಡ್ರೀಮಿನ್’: ಯಾರ ದನಿಯಲ್ಲಿ ಕೇಳಬೇಕು?

ಚಳಿಯೂರಲ್ಲಿ ಇದ್ದುಕೊಂಡು ಕ್ಯಾಲಿಫೋರ್ನಿಯಾದ ಬಿಸಿಲಿಗೆ ಹಂಬಲಿಸುವ ಈ ಇಂಗ್ಲಿಷ್ ಹಾಡು ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ‘ದ ಮಾಮಾಸ್ ಅಂಡ್ ದ ಪಾಪಾಸ್’ ತಂಡದ 1965ರ ರೆಕಾರ್ಡಿಂಗ್. ಆಮೇಲೆ ಇದನ್ನು ಹಾಡಿದವರು ಬೇಕಾದಷ್ಟು ಜನ. ಕೈಗೆ ಸಿಕ್ಕಿದ್ದನ್ನೆಲ್ಲ ಒಂದೇ ಹೆಡ್‌ಫೋನ್‌ನಲ್ಲಿ, ಒಂದರ ಹಿಂದೆ ಒಂದು ಹಾಕಿ ಕೇಳಿದೆ.

ಮೂಲದ ಮಜಾ ಇರುವುದು ಹಿಂದಿನ ದನಿಗಳಲ್ಲಿ. ತಂಡದ ಡೆನ್ನಿ ಡೊಹರ್ಟಿ ಒಂದು ಸಾಲು ಎತ್ತುತ್ತಾರೆ. ಉಳಿದವರು ಅದೇ ಮಾತನ್ನು ಹಿಡಿದು ಇನ್ನಷ್ಟು ಮೇಲಕ್ಕೆ ಒಯ್ಯುತ್ತಾರೆ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟದ್ದನ್ನು ಎಲ್ಲರೂ ಹೇಳಿದ ಹಾಗೆ, ಆದರೆ ಇಲ್ಲಿ ಯಾರಿಗೂ ಕಾಯುವ ತಾಳ್ಮೆ ಇಲ್ಲ. ಮನೆಗೆ ಹೋಗುವ ಆತುರ ಅಲ್ಲೇ ಕೇಳಿಸುತ್ತದೆ. ತಂಡದವರೇ ಆದ ಜಾನ್ ಮತ್ತು ಮಿಶೆಲ್ ಫಿಲಿಪ್ಸ್ ದಂಪತಿ ಇದನ್ನು ಬರೆದದ್ದು 1963ರಲ್ಲಿ, ನ್ಯೂಯಾರ್ಕ್‌ನ ಚಳಿಯಲ್ಲಿ. ಕ್ಯಾಲಿಫೋರ್ನಿಯಾದ ಹುಡುಗಿ ಮಿಶೆಲ್‌ಗೆ ಊರಿನ ಬಿಸಿಲು ನೆನಪಾಗುತ್ತಿತ್ತು. ಮುಖ್ಯ ದನಿಯ ಡೊಹರ್ಟಿ ಮಾತ್ರ ಕೆನಡಾದ ಹ್ಯಾಲಿಫ್ಯಾಕ್ಸ್‌ನವರು. ಚಳಿ ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಅಲ್ವಾ?

ಇದಕ್ಕೆ ಅವಳಿಯೊಂದಿದೆ. ಅದೇ ವಾದ್ಯದ ಟ್ರ್ಯಾಕ್, ಅದೇ ಹಿಂದಿನ ದನಿಗಳು, ಮುಂದೆ ಮಾತ್ರ ಗಾಯಕ ಬ್ಯಾರಿ ಮೆಕ್‌ಗ್ವಾಯರ್. ಮೊದಲು ಹಾಡಿದವರು ಅವರೇ. ಆಮೇಲೆ ಅವರ ದನಿ ಅಳಿಸಿ ಡೊಹರ್ಟಿಯನ್ನು ಹಾಡಿಸಿದರು. ಆದರೆ ಪೂರ್ತಿ ಅಳಿಸಲಿಲ್ಲ! ಸ್ಟೀರಿಯೊದಲ್ಲಿ ಡೊಹರ್ಟಿಯ ಹಾಡು ಶುರುವಾಗುವಾಗ ಎಡಗಿವಿಗೆ ಗಮನ ಕೊಡಿ. ಮೆಕ್‌ಗ್ವಾಯರ್ ದನಿಯ ಚೂರು ಸಣ್ಣಗೆ ಕೇಳುತ್ತದೆ. ಮೆಕ್‌ಗ್ವಾಯರ್ ಹಾಡಿನ ನಡುವೆ ಹಾರ್ಮೋನಿಕಾ (ಮೌತ್ ಆರ್ಗನ್) ಇದೆ. ಮೂಲದಲ್ಲಿ ಆ ಜಾಗಕ್ಕೆ ಜಾಜ್ ಕಲಾವಿದ ಬಡ್ ಶ್ಯಾಂಕ್ ಅವರ ಆಲ್ಟೊ ಕೊಳಲು ಬಂತು. ಒಳ್ಳೆಯದೇ ಆಯಿತು. ಹಾರ್ಮೋನಿಕಾ ಇದ್ದರೆ ಹಾಡು ಬರೀ ರಸ್ತೆ ಹಾಡು. ಆ ತಗ್ಗಿದ ಕೊಳಲು ಬಂದಾಗ ಮೋಡ ಕವಿಯುತ್ತದೆ. ಮೆಕ್‌ಗ್ವಾಯರ್ ದನಿ ಒರಟು, ಹಿಂದಿನವರ ಜೊತೆ ಬೆರೆಯುವುದೂ ಇಲ್ಲ.

ಕಾಗದದ ಮೇಲೆ ಗೆಲ್ಲಬೇಕಾದವರು ಬೀಚ್ ಬಾಯ್ಸ್ ತಂಡದವರು. ಹಾರ್ಮನಿಯಲ್ಲಿ, ಅಂದರೆ ಹಲವು ದನಿ ಹೊಂದಿಸಿ ಹಾಡುವುದರಲ್ಲಿ, ಅವರನ್ನು ಮೀರಿಸುವುದು ಕಷ್ಟ. 1986ರ ಅವರ ರೆಕಾರ್ಡಿಂಗ್‌ನಲ್ಲಿ ದನಿಗಳು ಒಂದಕ್ಕೊಂದು ಕೂಡುವ ಪರಿ ಚೆನ್ನಾಗಿಯೇ ಇದೆ. ರೋಜರ್ ಮೆಗ್ವಿನ್ ಅವರ 12 ತಂತಿಯ ಗಿಟಾರ್ ಕೂಡ ಮಿಂಚುತ್ತದೆ. ಆದರೆ ಡ್ರಮ್ ಮಾತ್ರ 80ರ ದಶಕದ ಆ ದಪ್ಪ ‘ಢಬ್ ಢಬ್’, ಕೊಳಲಿನ ಜಾಗದಲ್ಲಿ ಸ್ಯಾಕ್ಸೊಫೋನ್. ಎಲ್ಲಕ್ಕಿಂತ ಜಾಸ್ತಿ ತೊಡಕೆಂದರೆ, ಇವರು ಕ್ಯಾಲಿಫೋರ್ನಿಯಾದವರೇ. ಊರಲ್ಲೇ ಕೂತು ಊರಿನ ನೆನಪು ತೆಗೆದ ಹಾಗಿದೆ.

2015ರಲ್ಲಿ ಗಾಯಕಿ ಸಿಯಾ ಒಂದು ಸಿನಿಮಾಕ್ಕಾಗಿ ಹಾಡಿದ್ದು ತುಂಬಾ ನಿಧಾನ. ಟ್ರೇಲರ್‌ಗೆ ಸರಿ, ಸುಮ್ನೆ ಕೂತು ಕೇಳುವುದಕ್ಕಲ್ಲ.

ಗಿಟಾರ್ ವಾದಕ, ಗಾಯಕ ಹೋಸೆ ಫೆಲಿಸಿಯಾನೊ 1968ರಲ್ಲಿ ಬೇರೆ ದಾರಿ ಹಿಡಿದರು. ನೈಲಾನ್ ತಂತಿಯ ಗಿಟಾರ್, ಮುಂದೆ ಒಂಟಿ ದನಿ, ನಾಲ್ಕು ನಿಮಿಷ. ಬೆರಳಿನ ಚುರುಕು ಮೆಚ್ಚಲೇಬೇಕು. ಕೊನೆಕೊನೆಗೆ ಹಾಡಿಗಿಂತ ಹಾಡುಗಾರನೇ ದೊಡ್ಡವನಾಗುತ್ತಾನೆ.

ಅದೇ ವರ್ಷ ಅಮೆರಿಕದ ಗಾಯಕ ಬಾಬಿ ವೊಮ್ಯಾಕ್ ಕೂಡ ಹಾಡಿದರು. ಹುಟ್ಟೂರು ಕ್ಲೀವ್‌ಲ್ಯಾಂಡ್, ಅಲ್ಲಿಯ ಚಳಿಗಾಲ ಸುಮಾರಾದದ್ದಲ್ಲ. ಮೂಲದಲ್ಲಿ ಬೇರೆಯವರು ಕೊಡುವ ಉತ್ತರದ ಭಾರವನ್ನೆಲ್ಲ ಇಲ್ಲಿ ಆ ಗೊಗ್ಗರು ದನಿಯೇ ಹೊರುತ್ತದೆ. ಚರ್ಚಿನೊಳಗೆ ಹೋಗಿ ಮೊಣಕಾಲೂರುವ ಸಾಲನ್ನು ಉಳಿದವರು ಚಂದವಾಗಿ ಹಾಡುತ್ತಾರೆ. ವೊಮ್ಯಾಕ್ ಹಾಡಿದರೆ ನಿಜಕ್ಕೂ ಹೋಗಲು ಬೇರೆ ಜಾಗ ಇರಲಿಲ್ಲ ಅನ್ನಿಸುತ್ತದೆ. ಮೂಲದ ಪಕ್ಕದಲ್ಲಿ ನಾನು ಇಟ್ಟುಕೊಳ್ಳುವುದು ಇದೊಂದನ್ನೇ. ಫೆಲಿಸಿಯಾನೊ ಅಭಿಮಾನಿಗಳು ಬೈದರೂ ಸರಿ.